ಹಳೆಯ ಲಾರಿಯ ಸ್ಟೇರಿಂಗ್‌ನಲ್ಲಿ ಅಂಗೈ ಅಗಲದಷ್ಟು ಸಡಿಲು (ಪ್ಲೇ): ಸ್ಟೇರಿಂಗ್ ಬಾಕ್ಸ್ ಬದಲಿಸಲೇಬೇಕೇ?

ಪ್ರಶ್ನೆ: ಕಾರಟಗಿಯ ಲಾರಿ ಮಾಲೀಕ

ಅನುಭವಿಗಳೆಲ್ಲರಿಗೂ ನಮಸ್ಕಾರ. ನಮ್ಮದು 2003ರ ಮಾದರಿಯ ಆರು ಚಕ್ರದ ಲಾರಿ. ಪವರ್ ಸ್ಟೇರಿಂಗ್ ಇಲ್ಲ, ತೋಳಿನ ಬಲದಲ್ಲೇ ತಿರುಗಿಸಬೇಕಾದ ಹಳೆಯ ಪದ್ಧತಿಯ ಗಾಡಿ. ತಂದೆಯವರು ಕೊಂಡು ಬಹುಕಾಲ ತಾವೇ ಓಡಿಸಿದ್ದನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಸುಗ್ಗಿಯ ದಿನಗಳಲ್ಲಿ ಎಡದಂಡೆ ಕಾಲುವೆಯ ಹಳ್ಳಿಗಳಿಂದ 75 ಕೆ.ಜಿ.ಯ ಭತ್ತದ ಚೀಲಗಳನ್ನು ಕಾರಟಗಿ ಮತ್ತು ಗಂಗಾವತಿಯ ಗಿರಣಿಗಳಿಗೆ ತರುತ್ತೇವೆ. ಉಳಿದ ದಿನಗಳಲ್ಲಿ ಅಕ್ಕಿ, ತೌಡು ಹೇರಿಕೊಂಡು ಸಿಂಧನೂರು, ಸಿರುಗುಪ್ಪದ ಮೇಲೆ ಬಳ್ಳಾರಿಗೆ ಹೋಗುತ್ತೇವೆ.

ಈ ವರ್ಷ ಸ್ಟೇರಿಂಗ್ ಬಹಳ ಸಡಿಲಾಗಿದೆ. ಎರೆಭೂಮಿಯ ರಸ್ತೆ ಅಲೆ ಅಲೆಯಾಗಿ ಏರಿಳಿಯುವ ಕಡೆ ಗಾಡಿ ತಾನಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಯುವುದರಿಂದ, ಚಾಲಕರು ಒಂದು ಕ್ಷಣವೂ ಕೈ ಸಡಿಲಿಸದೆ ಸ್ಟೇರಿಂಗನ್ನು ಆಚೀಚೆ ತಿದ್ದುತ್ತಲೇ ಇರಬೇಕಾಗುತ್ತದೆ. ಕಳೆದ ವಾರ ನಾನೂ ಜೊತೆಯಲ್ಲಿದ್ದೆ. ದಡೇಸೂಗೂರಿನ ಸೇತುವೆಯ ಮೇಲೆ ಎದುರಿನಿಂದ ಬಸ್ಸು ಬಂದಾಗ ಚಾಲಕರು ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರು. ಅಂಗೈ ಅಗಲದಷ್ಟು ದೂರ ಅದು ಸುಮ್ಮನೆ ತಿರುಗಿತು, ಗಾಡಿ ಅಲುಗಲಿಲ್ಲ. ಅವರು ಇನ್ನಷ್ಟು ತಿರುಗಿಸುತ್ತಿದ್ದಂತೆ ಒಮ್ಮೆಲೇ ಎಡಕ್ಕೆ ಎಳೆದುಕೊಂಡು ಹೋಗಿ ಕೈಪಿಡಿ ಗೋಡೆಗೆ ಒಂದು ಗೇಣು ಅಂತರದಲ್ಲಿ ನೇರವಾಯಿತು. ಮೇಲೆ ಹತ್ತು ಟನ್ ಅಕ್ಕಿ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಟೇಪ್ ಹಿಡಿದು ಅಳೆದೆವು. ಟೈರುಗಳನ್ನು ನೇರವಾಗಿಟ್ಟು, ಅವು ಅಲುಗಲು ತೊಡಗುವವರೆಗೆ ಸ್ಟೇರಿಂಗ್ ಎಷ್ಟು ದೂರ ಸುಮ್ಮನೆ ತಿರುಗುತ್ತದೆ ಎಂದು ಅಂಚಿನಲ್ಲಿ ನೋಡಿದಾಗ ನಾಲ್ಕೂವರೆ ಇಂಚು ಬಂತು. ಸ್ಟೇರಿಂಗ್‌ನ ಅಡ್ಡಳತೆ 20 ಇಂಚು. ಒಂದು ಗ್ಯಾರೇಜಿನಲ್ಲಿ ಸ್ಟೇರಿಂಗ್ ಬಾಕ್ಸಿನ (ಸ್ಟೇರಿಂಗ್ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಹಲ್ಲುಗಳ ಪೆಟ್ಟಿಗೆ) ಮೇಲಿರುವ ಸ್ಕ್ರೂ ಬಿಗಿ ಮಾಡಿದರೆ ಸಾಕು, ಐದು ನಿಮಿಷದ ಕೆಲಸ ಎಂದರು. ಇನ್ನೊಂದು ಕಡೆ ಬಾಕ್ಸನ್ನೇ ಬದಲಿಸಬೇಕು ಎಂದರು. ಮುಂದಿನ ತಿಂಗಳು ಎಫ್‌ಸಿ (ಗಾಡಿಯ ಯೋಗ್ಯತಾ ಪತ್ರದ ತಪಾಸಣೆ) ಇದೆ. ಯಾರ ಮಾತು ಸರಿ, ಯಾವುದರಿಂದ ಕೆಲಸ ಆರಂಭಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಬಳ್ಳಾರಿಯ ಮೇಸ್ತ್ರಿ

ಮಾಲೀಕರೇ, ಎರಡೂ ಮಾತು ಸದ್ಯಕ್ಕೆ ಬೇಡ. ಆ ಸ್ಕ್ರೂಗೆ ಯಾರೂ ಪಾನಾ ಹಾಕದಂತೆ ಮೊದಲು ನೋಡಿಕೊಳ್ಳಿ. ಮೂವತ್ತು ವರ್ಷದಿಂದ ಲಾರಿಗಳ ಕೆಳಗೇ ಬದುಕಿದ್ದೇನೆ. ಸ್ಟೇರಿಂಗ್ ಸಡಿಲು ಎಂದು ನನ್ನ ಬಳಿ ಬಂದ ಗಾಡಿಗಳಲ್ಲಿ ಬಾಕ್ಸಿನ ಒಳಗೇ ದೋಷವಿದ್ದವು ಕಡಿಮೆ. ಸಡಿಲು ಎಲ್ಲಿದೆ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ತಿಳಿಯುವ ತನಕ ಯಾವ ಬೋಲ್ಟನ್ನೂ ತಿರುಗಿಸಬಾರದು.

ಚಾಲಕನ ಕೈಯಿಂದ ಟೈರಿನವರೆಗೆ ಬರುವ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸ್ಟೇರಿಂಗ್ ಕೆಳಗಿನ ರಾಡು, ಅದರ ಕ್ರಾಸ್ (ರಾಡುಗಳನ್ನು ಕೂಡಿಸುವ ಕೀಲು), ಆಮೇಲೆ ಬಾಕ್ಸ್, ಬಾಕ್ಸಿನಿಂದ ಹೊರಬಂದ ಡ್ರಾಪ್ ಆರ್ಮ್ ಎಂಬ ತೋಳು, ಅಲ್ಲಿಂದ ಡ್ರ್ಯಾಗ್ ಲಿಂಕ್ ಎಂಬ ಉದ್ದನೆಯ ರಾಡು, ಅದರ ಇನ್ನೊಂದು ತುದಿ ಬಲಗಡೆಯ ಸ್ಟಬ್ ಆಕ್ಸಲ್‌ನ (ಚಕ್ರವನ್ನು ಹೊತ್ತು ಎಡಬಲಕ್ಕೆ ತಿರುಗುವ ತುಂಡು) ತೋಳಿಗೆ, ಅಲ್ಲಿಂದ ಎರಡೂ ಚಕ್ರಗಳನ್ನು ಕೂಡಿಸುವ ಟೈ ರಾಡ್ ಮೂಲಕ ಎಡಗಡೆಯ ಚಕ್ರಕ್ಕೆ. ನಮ್ಮ ದೇಶದ ಗಾಡಿಗಳಲ್ಲಿ ಚಾಲಕ ಬಲಕ್ಕೆ ಕೂರುವುದರಿಂದ ಬಲಚಕ್ರ ಮೊದಲು ತಿರುಗುತ್ತದೆ, ಎಡಚಕ್ರವನ್ನು ಟೈ ರಾಡ್ ಎಳೆದುಕೊಂಡು ಬರುತ್ತದೆ. ಹೀಗಾಗಿ ಬಲಚಕ್ರ ಕೂಡಲೇ ತಿರುಗಿ ಎಡಚಕ್ರ ತಡವಾಗಿ ತಿರುಗಿದರೆ ದೋಷ ಟೈ ರಾಡಿನ ಕಡೆ ಇದೆ; ಎರಡೂ ತಡವಾದರೆ ಅದಕ್ಕಿಂತ ಮೇಲೆ ಹುಡುಕಬೇಕು.

ಇಬ್ಬರು ಬೇಕು. ಗಾಡಿ ಸಮತಟ್ಟಾದ ನೆಲದ ಮೇಲೆ, ಭಾರ ಟೈರುಗಳ ಮೇಲೆಯೇ ಇರುವಂತೆ ನಿಲ್ಲಲಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಜಾಕ್ ಹಾಕಿ ಎತ್ತಿದರೆ ಟೈರು ಹಗುರಾಗಿ ತಿರುಗುವುದರಿಂದ ಕೀಲುಗಳಲ್ಲಿನ ಸಡಿಲು ಕಾಣದೆ ಹೋಗುತ್ತದೆ. ಒಬ್ಬರು ಕ್ಯಾಬಿನ್ನಿನಲ್ಲಿ ಕುಳಿತು ಸ್ಟೇರಿಂಗನ್ನು ಸುಮ್ಮನೆ ತಿರುಗುವ ದೂರಕ್ಕಿಂತ ಸ್ವಲ್ಪ ಹೆಚ್ಚು, ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಹೋಗಿ ಒಂದೊಂದೇ ಕೀಲಿನ ಮೇಲೆ, ಅರ್ಧ ಬೆರಳು ಈ ತುಂಡಿನ ಮೇಲೂ ಅರ್ಧ ಆ ತುಂಡಿನ ಮೇಲೂ ಬೀಳುವಂತೆ ಇಡಬೇಕು. ಕೀಲು ಸವೆದಿದ್ದರೆ ಒಂದು ತುಂಡು ಚಲಿಸಿದ ಮೇಲೆ ಇನ್ನೊಂದು ಹೊರಡುವುದು ಬೆರಳಿಗೆ ‘ಟಕ್’ ಎಂದು ತಿಳಿಯುತ್ತದೆ. ಕಣ್ಣಿಗೆ ಕಾಣದ ಕೂದಲೆಳೆಯಷ್ಟು ಸಡಿಲೂ ಬೆರಳಿಗೆ ಸಿಗುತ್ತದೆ. ಬೆರಳನ್ನು ಕೀಲಿನ ಸಂದಿಯೊಳಗೆ ಮಾತ್ರ ತೂರಿಸಬೇಡಿ.

ಬಾಕ್ಸಿನ ಬಳಿ ಬಂದಾಗ ಮೊದಲು ಅದರ ಮೈಯನ್ನೇ ನೋಡಿ. ಸ್ಟೇರಿಂಗ್ ಆಡಿಸುವಾಗ ಬಾಕ್ಸ್ ಚಾಸಿಯ ಮೇಲೆ ಕೊಂಚವಾದರೂ ಹೊರಳುತ್ತಿದೆಯೇ? ಬೋಲ್ಟಿನ ತಲೆಯ ಸುತ್ತ ಉಜ್ಜಿ ಹೊಳೆಯುವ ಗೆರೆಯಾಗಲಿ, ಕುಂಕುಮದಂಥ ತುಕ್ಕಿನ ಪುಡಿಯಾಗಲಿ ಕಂಡರೆ ಆ ಬೋಲ್ಟು ಸಡಿಲಾಗಿದೆ ಎಂದು ತಿಳಿಯಿರಿ. ಚಾಸಿಗೆ ಅಲ್ಲಿ ಬಿರುಕು ಬಿಟ್ಟಿದೆಯೇ ಎಂಬುದನ್ನು ಮಣ್ಣು ತೊಳೆದು, ಒರೆಸಿ ನೋಡಬೇಕು. ಆಮೇಲೆ ಬಾಕ್ಸಿನ ಒಳಗೆ ಹೋಗುವ ರಾಡು ತಿರುಗಿದ ಕೂಡಲೇ ಡ್ರಾಪ್ ಆರ್ಮ್ ಅಲುಗುತ್ತದೆಯೇ ನೋಡಿ. ರಾಡು ಬಹಳ ತಿರುಗಿ ಆರ್ಮ್ ಸುಮ್ಮನಿದ್ದರೆ ಮಾತ್ರ ದೋಷ ಬಾಕ್ಸಿನದು.

ಇದಾದ ಮೇಲೆ ಜಾಕ್. ಆಕ್ಸಲ್ ಕೆಳಗೆ ಜಾಕ್ ಕೊಟ್ಟು ಟೈರು ನೆಲ ಬಿಟ್ಟೊಡನೆ ಗಟ್ಟಿಯಾದ ಮರದ ದಿಮ್ಮಿಯನ್ನೂ ಇಡಿ, ಬರೀ ಜಾಕನ್ನು ನಂಬಿ ಕೆಳಗೆ ಹೋಗಬೇಡಿ. ಟೈರಿನ ಕೆಳಗೆ ಟಾಮಿ (ಕಬ್ಬಿಣದ ಸಲಾಕೆ) ಹಾಕಿ ಮೇಲಕ್ಕೆ ಮೀಟುತ್ತಾ, ಇನ್ನೊಂದು ಕೈಯಲ್ಲಿ ಟೈರಿನ ತಲೆಯನ್ನು ಒಳಹೊರಗೆ ಅಲುಗಿಸಿ. ಅಲುಗಿದರೆ ಕಿಂಗ್‌ಪಿನ್ (ಸ್ಟಬ್ಬನ್ನು ಆಕ್ಸಲ್ಲಿಗೆ ಕೂಡಿಸುವ ನಿಂತ ಪಿನ್ನು) ಸವೆದಿರಬಹುದು, ಇಲ್ಲವೇ ಚಕ್ರದ ನಡುವಿನ ಹಬ್ಬಿನ ಬೇರಿಂಗ್ ಸಡಿಲಾಗಿರಬಹುದು. ಯಾವುದೆಂದು ತಿಳಿಯಲು ಕ್ಯಾಬಿನ್ನಿನಲ್ಲಿರುವವರು ಬ್ರೇಕ್ ಒತ್ತಿ ಹಿಡಿಯಲಿ. ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಬ್ರೇಕ್ ಹಿಡಿದಾಗ ಡ್ರಮ್ಮು ಸ್ಟಬ್ಬಿಗೆ ಅಂಟಿದಂತಾಗುವುದರಿಂದ ಬೇರಿಂಗಿನ ಸಡಿಲು ಮರೆಯಾಗುತ್ತದೆ, ಕಿಂಗ್‌ಪಿನ್ನಿನದು ಹಾಗೇ ಉಳಿಯುತ್ತದೆ. ಇದನ್ನೆಲ್ಲ ನೋಡಿ ಏನು ಸಿಕ್ಕಿತೆಂದು ಇಲ್ಲಿ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.

ಉತ್ತರ: ಸಂಡೂರಿನ ಅದಿರು ಲಾರಿ ಚಾಲಕ

ಮೇಸ್ತ್ರಿಗಳು ಸ್ಕ್ರೂ ಮುಟ್ಟಬೇಡಿ ಎಂದದ್ದು ಎಷ್ಟು ನಿಜ ಎಂಬುದನ್ನು ನಾನು ಅನುಭವಿಸಿದ್ದೇನೆ. ಕೆಲವು ವರ್ಷಗಳ ಹಿಂದೆ ನಾನು ಓಡಿಸುತ್ತಿದ್ದ ಗಾಡಿಯಲ್ಲೂ ಇದೇ ತೊಂದರೆಯಿತ್ತು. ದಾರಿಯ ಬದಿಯ ಒಂದು ಗ್ಯಾರೇಜಿನಲ್ಲಿ ಲಾಕ್‌ನಟ್ ಸಡಿಲಿಸಿ ಸ್ಕ್ರೂವನ್ನು ಅರ್ಧ ಸುತ್ತಿಗೂ ಹೆಚ್ಚು ಬಿಗಿದು ಕೊಟ್ಟರು. ನಿಂತ ಗಾಡಿಯಲ್ಲಿ ಸ್ಟೇರಿಂಗ್ ಹೊಸದರಂತೆ ಗಟ್ಟಿಯಾಗಿತ್ತು, ನನಗೂ ಸಂತೋಷವಾಯಿತು. ಅದಿರು ತುಂಬಿಕೊಂಡು ಸಂಡೂರಿನ ಗುಡ್ಡದ ದಾರಿಯಲ್ಲಿ ಇಳಿಯುವಾಗ ಬಲ ತಿರುವು ಬಂತು. ತಿರುಗಿಸಿದೆ, ತಿರುಗಿತು. ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ತಾನಾಗಿ ನೇರಕ್ಕೆ ಬರಬೇಕಾದ ಸ್ಟೇರಿಂಗ್ ಅಲ್ಲೇ ಕಚ್ಚಿಕೊಂಡು ನಿಂತಿತು. ಎರಡೂ ಕೈಯಿಂದ ಎಳೆದು ನೇರ ಮಾಡುವಷ್ಟರಲ್ಲಿ ಗಾಡಿ ಎದುರಿನ ಸಾಲಿಗೆ ಹೋಗಿಬಿಟ್ಟಿತ್ತು. ಎದುರಿನಿಂದ ಯಾರೂ ಬರುತ್ತಿರಲಿಲ್ಲವಾದ್ದರಿಂದ ಉಳಿದೆ. ಆಮೇಲೆ ಸರಿಯಾದ ಕಡೆ ತೋರಿಸಿದಾಗ ಮೂಲ ದೋಷ ಡ್ರ್ಯಾಗ್ ಲಿಂಕಿನ ಹಿಂದಿನ ಬಾಲ್ ಜಾಯಿಂಟಿನಲ್ಲಿ (ಗುಂಡು ಕೂತು ತಿರುಗುವ ಕೀಲು) ಇತ್ತು. ಅದು ಸವೆದೇ ಇತ್ತು. ಬಿಗಿದದ್ದು ಬಾಕ್ಸನ್ನು ಮಾತ್ರ.

ಇನ್ನೊಂದು ಮಾತು. ನಮ್ಮ ಕಡೆ ಕೆಂಪು ಅದಿರಿನ ದೂಳು ಇದೆಯಲ್ಲ, ಅದು ರಬ್ಬರ್ ಬೂಟ್ ಹರಿದ ಕೀಲಿನೊಳಗೆ ಹೋಗಿ ಗ್ರೀಸಿನ ಜೊತೆ ಸೇರಿದರೆ ಅರೆಯುವ ಪುಡಿಯಂತಾಗಿ ಕಬ್ಬಿಣವನ್ನೇ ತಿಂದುಬಿಡುತ್ತದೆ. ನಿಮ್ಮ ಕಡೆ ಗದ್ದೆಯ ರಾಡಿ ಅದೇ ಕೆಲಸ ಮಾಡುತ್ತದೆ. ಕೀಲಿನ ರಬ್ಬರ್ ಹರಿದದ್ದು ಕಂಡರೆ ಸಡಿಲಿಲ್ಲದಿದ್ದರೂ ಅದೇ ವಾರ ಸರಿಪಡಿಸಿ.

ಉತ್ತರ: ರಾಯಚೂರಿನ ಐಟಿಐ ಬೋಧಕ

ಪ್ರಶ್ನೆ ಕೇಳಿದವರು ಟೇಪ್ ಹಿಡಿದು ಅಳೆದದ್ದು ಬಹಳ ಒಳ್ಳೆಯ ಕೆಲಸ. ಅಳತೆ ಇರುವುದರಿಂದಲೇ ಒಂದೆರಡು ಲೆಕ್ಕಗಳನ್ನು ಮುಂದಿಡಬಹುದು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 98ನೇ ನಿಯಮದ ಪ್ರಕಾರ ಸ್ಟೇರಿಂಗ್‌ನಲ್ಲಿ 30 ಡಿಗ್ರಿಗಿಂತ ಹೆಚ್ಚು ಸಡಿಲು ಇರಕೂಡದು. 20 ಇಂಚಿನ ಸ್ಟೇರಿಂಗ್‌ನ ಸುತ್ತಳತೆ ಸುಮಾರು 63 ಇಂಚು. 30 ಡಿಗ್ರಿ ಎಂದರೆ ಅದರ ಹನ್ನೆರಡನೆಯ ಒಂದು ಭಾಗ, ಅಂದರೆ ಐದು ಇಂಚಿಗಿಂತ ಕೊಂಚ ಹೆಚ್ಚು. ನಿಮ್ಮ ನಾಲ್ಕೂವರೆ ಇಂಚು ಸುಮಾರು 26 ಡಿಗ್ರಿಯಾಗುತ್ತದೆ. ನಿಯಮದ ಗೆರೆಯೊಳಗೆ ಇದೆ ಎಂದು ದಯವಿಟ್ಟು ಸಮಾಧಾನಪಟ್ಟುಕೊಳ್ಳಬೇಡಿ. ಅಮೆರಿಕದ ಸರಕು ವಾಹನಗಳ ನಿಯಮದಲ್ಲಿ ಪವರ್ ಸ್ಟೇರಿಂಗ್‌ಗೂ ಕೈಬಲದ ಸ್ಟೇರಿಂಗ್‌ಗೂ ಬೇರೆ ಬೇರೆ ಮಿತಿಗಳಿವೆ: 20 ಇಂಚಿನ ಸ್ಟೇರಿಂಗ್‌ಗೆ ಪವರ್ ಇದ್ದರೆ ಐದೂಕಾಲು ಇಂಚು, ಇಲ್ಲದಿದ್ದರೆ ಎರಡೂವರೆ ಇಂಚು. ಆ ಲೆಕ್ಕದಲ್ಲಿ ನಿಮ್ಮ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಈ ಎರಡೂವರೆ ಇಂಚನ್ನೇ.

98ನೇ ನಿಯಮದ ಉಳಿದ ಭಾಗವನ್ನು ಹಲವರು ಗಮನಿಸುವುದಿಲ್ಲ. ಸ್ಟೇರಿಂಗ್ ಜೋಡಣೆಯ ಬಾಲ್ ಜಾಯಿಂಟುಗಳಿಗೆಲ್ಲ ರಬ್ಬರ್ ಮುಚ್ಚಳ ಇರಬೇಕು, ಬೋಲ್ಟು ಅಥವಾ ಪಿನ್ನಿನಿಂದ ಕೂಡಿಸಿದ ಕಡೆ ಅದು ಬಿಚ್ಚಿಕೊಳ್ಳದಂತೆ ಲಾಕ್ ಆಗಿರಬೇಕು ಎಂದು ಅಲ್ಲಿ ಹೇಳಿದೆ. ಎಂಟು ವರ್ಷ ದಾಟಿದ ಸಾರಿಗೆ ವಾಹನವಾದ್ದರಿಂದ ನಿಮಗೆ ಪ್ರತಿ ವರ್ಷ ಎಫ್‌ಸಿ ಬರುತ್ತದೆ. ಹರಿದ ರಬ್ಬರ್, ಇಲ್ಲದ ಸ್ಪ್ಲಿಟ್ ಪಿನ್ (ನಟ್ಟು ಬಿಚ್ಚದಂತೆ ತೂರಿಸಿ ಮಡಚುವ ಪಿನ್ನು) ಎರಡೂ ಅಲ್ಲಿ ಸಿಕ್ಕಿಬೀಳುವ ಸಂಗತಿಗಳೇ.

ಈಗ, ಕೀಲುಗಳಲ್ಲಿನ ಸಣ್ಣ ಸವೆತ ಸ್ಟೇರಿಂಗ್‌ನಲ್ಲಿ ಏಕೆ ಅಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ವಿಚಾರ. ಡ್ರಾಪ್ ಆರ್ಮ್ 200 ಮಿ.ಮೀ. ಉದ್ದವಿದೆ, ಬಾಕ್ಸಿನ ಅನುಪಾತ 20ಕ್ಕೆ 1 (ಸ್ಟೇರಿಂಗ್ 20 ಡಿಗ್ರಿ ತಿರುಗಿದರೆ ಆರ್ಮ್ 1 ಡಿಗ್ರಿ) ಎಂದು ಇಟ್ಟುಕೊಳ್ಳಿ. ಡ್ರ್ಯಾಗ್ ಲಿಂಕಿನ ಒಂದು ಕೀಲಿನಲ್ಲಿ ಒಂದೇ ಒಂದು ಮಿಲಿಮೀಟರ್ ಸಡಿಲಿದ್ದರೆ, ಅದನ್ನು ತುಂಬಲು ಡ್ರಾಪ್ ಆರ್ಮ್ ತಿರುಗಬೇಕಾದ ಕೋನ ಡಿಗ್ರಿಯ ಮೂರರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಬಾಕ್ಸಿನಿಂದ ಮೇಲಕ್ಕೆ ಹೋಗುವಾಗ ಅದು ಇಪ್ಪತ್ತು ಪಟ್ಟು ಬೆಳೆದು ಐದೂಮುಕ್ಕಾಲು ಡಿಗ್ರಿಯಾಗುತ್ತದೆ. 20 ಇಂಚಿನ ಸ್ಟೇರಿಂಗ್‌ನ ಅಂಚಿನಲ್ಲಿ ಅದು ಒಂದು ಇಂಚು. ಡ್ರ್ಯಾಗ್ ಲಿಂಕಿನ ಎರಡು ತುದಿಗಳಲ್ಲೂ ಒಂದೊಂದು ಮಿಲಿಮೀಟರ್ ಸವೆದು, ಬಾಕ್ಸಿನ ಬೋಲ್ಟುಗಳೂ ಸಡಿಲಾಗಿದ್ದರೆ, ಬಾಕ್ಸಿನ ಹಲ್ಲುಗಳು ಚೆನ್ನಾಗಿದ್ದರೂ ನಿಮ್ಮ ನಾಲ್ಕೂವರೆ ಇಂಚು ತುಂಬಿಬಿಡುತ್ತದೆ. ಅದಕ್ಕಾಗಿಯೇ ಕೈ ಹಾಕುವ ಮುನ್ನ ಪ್ರತಿ ಕೀಲಿನ ಪಾಲು ಎಷ್ಟೆಂದು ನೋಡಬೇಕು ಎನ್ನುವುದು.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಅರ್ಧ ಸೆಕೆಂಡಿಗೆ ಸುಮಾರು 7 ಮೀಟರ್ ಮುಂದೆ ಹೋಗುತ್ತದೆ. ಸಡಿಲನ್ನು ತಿರುಗಿಸಿ ಮುಗಿಸಲು ಚಾಲಕರಿಗೆ ಅರ್ಧ ಸೆಕೆಂಡು ಹಿಡಿದರೆ ಆ 7 ಮೀಟರ್ ದೂರ ಗಾಡಿ ಯಾರ ಹಿಡಿತದಲ್ಲೂ ಇರುವುದಿಲ್ಲ. ಸೇತುವೆಯ ಮೇಲೆ ನಿಮಗಾದದ್ದು ಅದೇ. ಪವರ್ ಸ್ಟೇರಿಂಗ್ ಇರುವವರಿಗೆ ಒಂದು ಸೂಚನೆ: ಇಂಜಿನ್ ನಿಲ್ಲಿಸಿ ಅಳೆದ ಅಳತೆ ತಪ್ಪು ಹಾದಿಗೆ ಎಳೆಯುತ್ತದೆ, ಇಂಜಿನ್ ಓಡುತ್ತಿರುವಾಗಲೇ ಅಳೆಯಬೇಕು.

ಕಾರಟಗಿಯ ಲಾರಿ ಮಾಲೀಕ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಗಾಡಿ ನಿಲ್ಲಿಸಿ, ಚಾಲಕರನ್ನು ಮೇಲೆ ಕೂರಿಸಿ, ನಾನೂ ಕ್ಲೀನರ್ ಹುಡುಗನೂ ಕೆಳಗಿಳಿದು ಮೇಸ್ತ್ರಿಗಳು ಹೇಳಿದಂತೆಯೇ ನೋಡಿದೆವು.

ಮೊದಲು ನೀರು ಹೊಡೆದು ಒಣಗಿದ ರಾಡಿಯನ್ನು ತೆಗೆದಾಗಲೇ ಅರ್ಧ ವಿಷಯ ಗೊತ್ತಾಯಿತು. ಬಾಕ್ಸನ್ನು ಚಾಸಿಗೆ ಹಿಡಿದಿರುವ ನಾಲ್ಕು ಬೋಲ್ಟುಗಳಲ್ಲಿ ಕೆಳಗಿನ ಎರಡರ ಸುತ್ತ ಮೇಸ್ತ್ರಿಗಳು ಹೇಳಿದ ಕುಂಕುಮದ ಪುಡಿಯೇ ಇತ್ತು. ಸ್ಟೇರಿಂಗ್ ಆಡಿಸಿದಾಗ ಇಡೀ ಬಾಕ್ಸ್ ಉಸಿರಾಡುವಂತೆ ಮೆಲ್ಲನೆ ಏಳುತ್ತಾ ಇಳಿಯುತ್ತಾ ಇತ್ತು. ಇಷ್ಟು ದಿನ ಇದು ನಮ್ಮ ಕಣ್ಣಿಗೆ ಬೀಳದೆ ಇದ್ದದ್ದಕ್ಕೆ ಮನಸ್ಸಿಗೆ ಬಹಳ ಬೇಸರವಾಯಿತು. ಚಾಸಿಯಲ್ಲಿ ಬಿರುಕು ಕಾಣಲಿಲ್ಲ.

ಡ್ರ್ಯಾಗ್ ಲಿಂಕಿನ ಮುಂದಿನ ತುದಿ ಸರಿಯಾಗಿದೆ. ಹಿಂದಿನ ತುದಿಯ ರಬ್ಬರ್ ಒಂದು ಬದಿಗೆ ಹರಿದಿತ್ತು, ಒಳಗೆ ಗ್ರೀಸಿಗೆ ಬದಲು ಕಪ್ಪು ಮರಳಿನಂಥ ಪದಾರ್ಥ. ಬೆರಳಿಟ್ಟಾಗ ಪ್ರತಿ ಸಲವೂ ‘ಟಕ್’ ಎಂದು ತಿಳಿಯಿತು. ಟೈ ರಾಡಿನ ಎರಡೂ ತುದಿಗಳಲ್ಲಿ ಸಡಿಲಿಲ್ಲ. ಜಾಕ್ ಹಾಕಿದಾಗ ಎಡಗಡೆಯ ಅಲುಗಾಟ ಬ್ರೇಕ್ ಒತ್ತಿದಾಗ ನಿಂತಿತು. ಬಲಗಡೆಯದು ನಿಲ್ಲಲಿಲ್ಲ.

ಬಾಕ್ಸಿನ ಒಳಗಿನ ಸಡಿಲು ನೋಡಲು, ಕ್ಲೀನರ್ ಹುಡುಗ ಟಾಮಿಯಿಂದ ಬಾಕ್ಸನ್ನು ಅಲುಗದಂತೆ ಒತ್ತಿ ಹಿಡಿದಾಗ ರಾಡು ಮತ್ತು ಡ್ರಾಪ್ ಆರ್ಮ್ ಹೆಚ್ಚುಕಡಿಮೆ ಒಟ್ಟಿಗೇ ಹೊರಟವು. ಹಾಗಾದರೆ ಬಾಕ್ಸ್ ಬದಲಿಸುವ ಅಗತ್ಯವಿಲ್ಲ ಎಂದು ನಾನು ತಿಳಿಯಬಹುದೇ? ಕೆಲಸದ ಕ್ರಮ ಹೇಗಿರಬೇಕು? ಬಾಲ್ ಜಾಯಿಂಟನ್ನು ವೆಲ್ಡಿಂಗ್ ಮಾಡಿ ಬಿಗಿ ಮಾಡಿಕೊಡುತ್ತೇವೆ ಎಂದು ಒಬ್ಬರು ಹೇಳಿದ್ದಾರೆ, ಅದು ಸರಿಯೇ?

ಬಳ್ಳಾರಿಯ ಮೇಸ್ತ್ರಿ

ವೆಲ್ಡಿಂಗ್ ಬೇಡವೇ ಬೇಡ. ಸ್ಟೇರಿಂಗಿಗೆ ಸೇರಿದ ಯಾವ ತುಂಡಿಗೂ ಬೆಂಕಿ ತೋರಿಸಬಾರದು. ಬಾಲ್ ಜಾಯಿಂಟು, ಡ್ರಾಪ್ ಆರ್ಮ್, ಸ್ಟಬ್ಬಿನ ತೋಳು ಇವೆಲ್ಲ ಹದಗೊಳಿಸಿದ ಉಕ್ಕು. ಕಾಯಿಸಿದರೆ ಹದ ಹೋಗುತ್ತದೆ, ಹೋದದ್ದು ಹೊರಗಿನಿಂದ ಕಾಣುವುದಿಲ್ಲ. ಒಂದು ದಿನ ಗುಂಡಿಗೆ ಬಿದ್ದಾಗ ತುಂಡಾಗುತ್ತದೆ. ಬ್ರೇಕ್ ಹೋದರೆ ಗೇರಿನಲ್ಲಾದರೂ ಗಾಡಿ ನಿಲ್ಲಿಸಬಹುದು, ಡ್ರ್ಯಾಗ್ ಲಿಂಕ್ ಕಳಚಿದರೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೊಸ ಬಾಲ್ ಜಾಯಿಂಟನ್ನೇ ಹಾಕಿಸಿ.

ಬೋಲ್ಟಿನಿಂದ ಆರಂಭಿಸಿ. ನಾಲ್ಕನ್ನೂ ಒಂದೊಂದಾಗಿ ತೆಗೆದು ನೋಡಿ. ಸಡಿಲಾಗಿ ಓಡಾಡಿದ ಬೋಲ್ಟಿನ ಕತ್ತು ಸವೆದಿರುತ್ತದೆ, ಅದನ್ನೇ ಬಿಗಿದರೆ ಹದಿನೈದು ದಿನಕ್ಕೆ ಮತ್ತೆ ಸಡಿಲು. ಅದೇ ದರ್ಜೆಯ ಹೈಟೆನ್ಸೈಲ್ ಬೋಲ್ಟನ್ನೇ ತರಬೇಕು, ಹಾರ್ಡ್‌ವೇರ್ ಅಂಗಡಿಯ ಸಾಧಾರಣ ಬೋಲ್ಟು ಇಲ್ಲಿ ನಡೆಯುವುದಿಲ್ಲ. ಚಾಸಿಯ ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ತಿಳಿಸಿ, ಅದಕ್ಕೆ ಬೇರೆ ಉಪಾಯ ಮಾಡಬೇಕು.

ಹಳೆಯ ಬಾಲ್ ಜಾಯಿಂಟು ತೆಗೆಯುವಾಗ ಥ್ರೆಡ್ಡಿನ ತಲೆಗೆ ಸುತ್ತಿಗೆ ಬೇಡ. ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತೋಳಿನ ಕಣ್ಣಿನ ಒಂದು ಬದಿಗೆ ದೊಡ್ಡ ಸುತ್ತಿಗೆಯನ್ನು ಆನಿಸಿ ಹಿಡಿದು ಇನ್ನೊಂದು ಬದಿಗೆ ಜೋರಾಗಿ ಒಂದೆರಡು ಏಟು ಕೊಟ್ಟರೆ ಟೇಪರ್ (ಕಣ್ಣಿನೊಳಗೆ ಓರೆಯಾಗಿ ಕೂತ ಭಾಗ) ತಾನಾಗಿ ಬಿಡುತ್ತದೆ. ಬಿಚ್ಚುವ ಮೊದಲು ಡ್ರ್ಯಾಗ್ ಲಿಂಕಿನ ಉದ್ದವನ್ನು ಅಳೆದು ಬರೆದಿಟ್ಟುಕೊಳ್ಳಿ, ಹೊಸದನ್ನು ಅಷ್ಟೇ ಉದ್ದಕ್ಕೆ ಕೂರಿಸಿದರೆ ಸ್ಟೇರಿಂಗಿನ ಕಡ್ಡಿಗಳು ನೇರವಾಗಿಯೇ ಉಳಿಯುತ್ತವೆ. ನಟ್ಟನ್ನು ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಎದುರಾಗದಿದ್ದರೆ ನಟ್ಟನ್ನು ಹಿಂದಕ್ಕೆ ಸಡಿಲಿಸಬಾರದು, ಇನ್ನಷ್ಟು ಬಿಗಿದು ನಟ್ಟಿನ ಮುಂದಿನ ಸೀಳಿಗೆ ಕೂರಿಸಬೇಕು. ಹಳೆಯ ಪಿನ್ನನ್ನು ನೇರ ಮಾಡಿ ಮತ್ತೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ನಾಲ್ಕು ರೂಪಾಯಿಯ ವಸ್ತುವಿನಲ್ಲಿ ಉಳಿತಾಯ ಮಾಡಬೇಡಿ.

ಎಡಗಡೆಯದು ಬೇರಿಂಗ್ ಎಂದು ನೀವೇ ಕಂಡುಕೊಂಡಿದ್ದೀರಿ. ಹಬ್ ಬಿಚ್ಚಿ, ತೊಳೆದು, ರೋಲರುಗಳಲ್ಲಿ ನೀಲಿ ಬಣ್ಣವೋ ಚುಕ್ಕೆಯೋ ಬಂದಿಲ್ಲವೆಂದು ನೋಡಿ ಹೊಸ ಗ್ರೀಸು ತುಂಬಲಿ. ನಟ್ಟನ್ನು ಹಬ್ ತಿರುಗಿಸುತ್ತಲೇ ಬಿಗಿದು, ಆಮೇಲೆ ಸ್ವಲ್ಪವೇ ಹಿಂದಕ್ಕೆ ಬಿಟ್ಟು ಲಾಕ್ ಮಾಡಬೇಕು.

ಬಲಗಡೆಯ ಕಿಂಗ್‌ಪಿನ್ ಕೆಲಸ ಮಾತ್ರ ಅವಸರದಲ್ಲಿ ಆಗುವಂಥದ್ದಲ್ಲ. ಪಿನ್ನು, ಮೇಲಿನ ಕೆಳಗಿನ ಬುಷ್ (ಪಿನ್ನು ಕೂರುವ ಲೋಹದ ಬಳೆ), ಭಾರ ಹೊರುವ ಥ್ರಸ್ಟ್ ಬೇರಿಂಗ್, ಸಂದಿ ತುಂಬುವ ತೆಳು ಬಿಲ್ಲೆಯಾದ ಶಿಮ್ಮು ಎಲ್ಲ ಸೇರಿದ ಕಿಟ್ ತನ್ನಿ, ಸಾಧ್ಯವಾದರೆ ಎರಡೂ ಬದಿಗೆ. ಬುಷ್ ಒತ್ತಿ ಕೂರಿಸಿದ ಮೇಲೆ ಅದರ ಒಳಗನ್ನು ಉದ್ದನೆಯ ರೀಮರ್‌ನಿಂದ (ತೂತನ್ನು ಅಳತೆಗೆ ತರುವ ಸಲಕರಣೆ), ಮೇಲಿನದೂ ಕೆಳಗಿನದೂ ಒಂದೇ ಗೆರೆಯಲ್ಲಿ ಬರುವಂತೆ ಹೊಡೆಯಬೇಕು. ಒಂದೊಂದನ್ನೂ ಬೇರೆ ಬೇರೆಯಾಗಿ ಉಜ್ಜಿ ದೊಡ್ಡದು ಮಾಡುವವರಿದ್ದಾರೆ, ಆ ಬುಷ್ ಆರು ತಿಂಗಳೂ ಬಾಳುವುದಿಲ್ಲ. ಎಣ್ಣೆ ಹಚ್ಚಿದ ಪಿನ್ನು ಹೆಬ್ಬೆರಳಿನ ಒತ್ತಡಕ್ಕೆ ನಿಧಾನವಾಗಿ ಇಳಿಯಬೇಕು, ತಾನಾಗಿ ಬೀಳಬಾರದು, ಸುತ್ತಿಗೆಯನ್ನೂ ಕೇಳಬಾರದು. ಹಳೆಯ ಪಿನ್ನು ತೆಗೆದಾಗ ಆಕ್ಸಲ್ಲಿನ ಕಣ್ಣಿಗೆ ಹೊಸ ಪಿನ್ನನ್ನು ಹಾಕಿ ನೋಡಿ. ಅಲ್ಲೇ ಸಡಿಲಿದ್ದರೆ ಆಕ್ಸಲ್ ಸವೆದಿದೆ ಎಂದು ಅರ್ಥ, ಅದನ್ನು ಲೇತ್ ಕೆಲಸದಲ್ಲಿ ಬೋರ್ ಮಾಡಿಸಿ ಸ್ಲೀವ್ ಹಾಕಿಸದೆ ಹೊಸ ಕಿಟ್ ಹಾಕಿದರೂ ವ್ಯರ್ಥ.

ಇಷ್ಟಾದ ಮೇಲೆ ಮತ್ತೆ ಅಳೆಯಿರಿ. ಎರಡೂವರೆ ಇಂಚಿನೊಳಗೆ ಬಂದಿದ್ದರೆ ಬಾಕ್ಸಿಗೆ ಕೈ ಹಾಕುವುದು ಬೇಡ, ಗೇರ್ ಆಯಿಲ್ ಮಟ್ಟ ಮಾತ್ರ ನೋಡಿ. ಸೋರುತ್ತದೆ ಎಂದು ಆಯಿಲಿಗೆ ಬದಲು ಗ್ರೀಸು ತುಂಬಬೇಡಿ, ಅದು ಮೇಲಿನ ಬೇರಿಂಗಿಗೆ ಹೋಗುವುದಿಲ್ಲ, ಸೀಲ್ ಬದಲಿಸಿ.

ಎರಡೂವರೆಗಿಂತ ಹೆಚ್ಚು ಉಳಿದರೆ ಆಗ ಸ್ಕ್ರೂವಿನ ಸರದಿ, ಅದೂ ಡ್ರ್ಯಾಗ್ ಲಿಂಕನ್ನು ಡ್ರಾಪ್ ಆರ್ಮಿನಿಂದ ಬಿಡಿಸಿದ ಮೇಲೆ. ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಸುತ್ತುಗಳನ್ನು ಎಣಿಸಿ, ಸರಿಯಾಗಿ ಅರ್ಧಕ್ಕೆ ತಂದು ನಿಲ್ಲಿಸಬೇಕು. ಒಳಗಿನ ಹಲ್ಲುಗಳು ನಡುವಿನಲ್ಲಿ ಬಿಗಿಯಾಗಿಯೂ ತುದಿಗಳ ಕಡೆ ಸಡಿಲಾಗಿಯೂ ಇರುವಂತೆ ಮಾಡಿರುತ್ತಾರೆ. ಆದ್ದರಿಂದ ನಡುವಿನಲ್ಲಿ ನಿಲ್ಲಿಸದೆ ತುದಿಯಲ್ಲಿ ಬಿಗಿದರೆ, ನಡುವಿಗೆ ಬಂದಾಗ ಕಚ್ಚುತ್ತದೆ. ಸಂಡೂರಿನ ಅಣ್ಣನವರಿಗೆ ಆದದ್ದು ಅದೇ ಇರಬೇಕು. ಲಾಕ್‌ನಟ್ ಸಡಿಲಿಸಿ ಸ್ಕ್ರೂವನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತಾ, ನಡುವನ್ನು ದಾಟುವಾಗ ಕೈಗೆ ಕೊಂಚವೇ ತಡೆ ತಿಳಿದರೆ ಅಲ್ಲಿಗೆ ನಿಲ್ಲಿಸಿ. ಸ್ಕ್ರೂವನ್ನು ಅಲುಗದಂತೆ ಹಿಡಿದೇ ಲಾಕ್‌ನಟ್ ಬಿಗಿಯಬೇಕು.

ರಾಯಚೂರಿನ ಐಟಿಐ ಬೋಧಕ

ಮೇಸ್ತ್ರಿಗಳ ಮಾತಿಗೆ ಸೇರಿಸಬೇಕಾದದ್ದು ಒಂದಿದೆ. ಸಡಿಲು ಬೇರೆ, ಗಾಡಿ ಅಲೆಯುವುದು ಬೇರೆ. ಸಡಿಲು ಪೂರ್ತಿ ಹೋದ ಮೇಲೂ ಗಾಡಿ ನೇರವಾಗಿ ಓಡದಿದ್ದರೆ ಮುಂದಿನ ಸ್ಪ್ರಿಂಗ್ ಪ್ಲೇಟುಗಳ ಯು-ಬೋಲ್ಟು, ಸೆಂಟರ್ ಬೋಲ್ಟು, ಶ್ಯಾಕಲ್ ಬುಷ್ ನೋಡಬೇಕು. ಆಕ್ಸಲ್ಲೇ ಸ್ಪ್ರಿಂಗಿನ ಕೆಳಗೆ ಹಿಂದೆಮುಂದೆ ಸರಿದರೆ ಸ್ಟೇರಿಂಗ್ ಎಷ್ಟು ಗಟ್ಟಿಯಿದ್ದರೂ ಫಲವಿಲ್ಲ.

ಕಿಂಗ್‌ಪಿನ್ ಕೆಲಸವಾದ ಮೇಲೆ ಟೋ-ಇನ್ (ಮುಂದಿನ ಎರಡು ಟೈರುಗಳ ಮುಂಬದಿ ಒಳಕ್ಕೆ ತಿರುಗಿರುವ ಅಳತೆ) ಅಳೆಯದೆ ಲೋಡ್ ಹಾಕಬೇಡಿ. ಯಂತ್ರವಿಲ್ಲದಿದ್ದರೂ ಅಳೆಯಬಹುದು. ಮುಂದಿನ ಟೈರುಗಳನ್ನು ಎತ್ತಿ ತಿರುಗಿಸುತ್ತಾ ಒಂದೊಂದರ ಅಗಲದ ನಟ್ಟನಡುವೆ ಸುತ್ತಲೂ ಮೊಳೆಯಿಂದ ಸಣ್ಣ ಗೆರೆ ಎಳೆಯಿರಿ. ಕೆಳಗಿಳಿಸಿ ಗಾಡಿಯನ್ನು ಒಂದೆರಡು ಮೀಟರ್ ಮುಂದಕ್ಕೆ ತಳ್ಳಿದ ಮೇಲೆ, ಹಬ್ಬಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಟೈರುಗಳ ಮುಂಬದಿಯಲ್ಲೂ ಹಿಂಬದಿಯಲ್ಲೂ ಅಳೆಯಿರಿ. ಮುಂಬದಿಯ ಅಳತೆ ಹಿಂಬದಿಗಿಂತ ಕೆಲವು ಮಿಲಿಮೀಟರ್ ಕಡಿಮೆಯಿರಬೇಕು. ಸರಿಯಾದ ಸಂಖ್ಯೆ ನಿಮ್ಮ ಗಾಡಿಯ ಪುಸ್ತಕದಲ್ಲಿರುತ್ತದೆ. ಟೈರಿನ ಮೇಲೆ ಅಂಗೈ ಅಡ್ಡಲಾಗಿ ಎಳೆದಾಗ ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಕಿದರೆ ಟೋ ತಪ್ಪಿದೆ ಎಂದೇ ತಿಳಿಯಿರಿ.

ಕಾರಟಗಿಯ ಲಾರಿ ಮಾಲೀಕ

ಕೆಲಸ ಮುಗಿದಿದೆ, ಒಟ್ಟು ನಾಲ್ಕು ದಿನ ಹಿಡಿಯಿತು. ಬೋಲ್ಟುಗಳಲ್ಲಿ ಎರಡು ಕತ್ತಿನಲ್ಲಿ ಸವೆದಿದ್ದವು, ನಾಲ್ಕನ್ನೂ ಹೊಸದಾಗಿ ಹಾಕಿಸಿದೆ. ತೂತುಗಳು ದುಂಡಗೇ ಇದ್ದವು. ಅಷ್ಟು ಮಾತ್ರಕ್ಕೇ ನಾಲ್ಕೂವರೆ ಇಂಚು ಮೂರಕ್ಕಿಂತ ಸ್ವಲ್ಪ ಹೆಚ್ಚಿಗೆ ಇಳಿಯಿತು. ಡ್ರ್ಯಾಗ್ ಲಿಂಕಿನ ಬಾಲ್ ಜಾಯಿಂಟು ಹಾಕಿದ ಮೇಲೆ ಎರಡು ಇಂಚಿಗಿಂತ ಕೆಳಗೆ ಬಂತು. ಬೋಧಕರು ಲೆಕ್ಕ ಹಾಕಿ ತೋರಿಸಿದ ಮಿಲಿಮೀಟರಿಗೆ ಒಂದು ಇಂಚು ಎಂಬ ಮಾತು ಕಣ್ಣೆದುರಿಗೇ ನಿಜವಾಯಿತು.

ಕಿಂಗ್‌ಪಿನ್ ಎರಡೂ ಬದಿಗೆ ಮಾಡಿಸಿದೆ. ಬಲಗಡೆಯ ಹಳೆಯ ಪಿನ್ನು ಹೊರಗೆ ಬಂದಾಗ ಕೆಳಗಿನ ಬುಷ್ ಕೂರುವ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು, ಮೇಲಿನ ಭಾಗ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಕೆಳಗಿನ ಗ್ರೀಸ್ ನಿಪ್ಪಲ್ ಮುಚ್ಚಿಹೋಗಿದ್ದದ್ದೇ ಕಾರಣ. ಗ್ರೀಸು ಹೊಡೆದಾಗ ಅದು ಒಳಗೆ ಹೋಗದೆ ನಿಪ್ಪಲ್ಲಿನ ಬಾಯಲ್ಲೇ ಸುತ್ತಿಕೊಳ್ಳುತ್ತಿದ್ದುದನ್ನು ನಾವು ತುಂಬಿತು ಎಂದುಕೊಂಡಿದ್ದೆವು. ಆಕ್ಸಲ್ಲಿನ ಕಣ್ಣು ಚೆನ್ನಾಗಿತ್ತು. ಟೋ-ಇನ್ ಸರಿಪಡಿಸಿದ್ದಾಯಿತು. ಬಾಕ್ಸಿನ ಸ್ಕ್ರೂವನ್ನು ಯಾರೂ ಮುಟ್ಟಿಲ್ಲ.

ನಿನ್ನೆ ಅಕ್ಕಿ ಹೇರಿಕೊಂಡು ಬಳ್ಳಾರಿಗೆ ಹೋಗಿಬಂದೆವು. ಚಾಲಕರು ಸಿರುಗುಪ್ಪ ದಾಟುವವರೆಗೆ ಏನೂ ಹೇಳಲಿಲ್ಲ. ಆಮೇಲೆ, ಭುಜ ನೋಯುತ್ತಿಲ್ಲ ಎಂದರು. ಈಗ ಒಂದೇ ಸಂದೇಹ: ಕಿಂಗ್‌ಪಿನ್ನಿಗೆ ಗ್ರೀಸು ಹೊಡೆಯುವಾಗ ಗಾಡಿ ನೆಲದ ಮೇಲಿರಬೇಕೇ, ಜಾಕಿನ ಮೇಲೆಯೇ?

ಬಳ್ಳಾರಿಯ ಮೇಸ್ತ್ರಿ

ಜಾಕಿನ ಮೇಲೆ. ಭಾರ ನೆಲದ ಮೇಲಿದ್ದಾಗ ಥ್ರಸ್ಟ್ ಬೇರಿಂಗ್ ಒತ್ತಿಕೊಂಡಿರುವುದರಿಂದ ಅದರೊಳಗೆ ಗ್ರೀಸು ಹೋಗುವುದಿಲ್ಲ. ಟೈರು ನೆಲ ಬಿಟ್ಟ ಮೇಲೆ ಸ್ಟೇರಿಂಗನ್ನು ಎರಡೂ ಕಡೆ ತಿರುಗಿಸುತ್ತಾ ಹೊಡೆಯಿರಿ, ಹಳೆಯ ಕಪ್ಪು ಗ್ರೀಸು ಪೂರ್ತಿ ಹೊರಬಂದು ಹೊಸದು ಇಣುಕುವವರೆಗೆ ನಿಲ್ಲಿಸಬೇಡಿ. ಗದ್ದೆಯ ದಾರಿಯಲ್ಲಿ ಓಡುವ ದಿನಗಳಲ್ಲಿ ವಾರಕ್ಕೊಮ್ಮೆ ಬೇಕು. ಹೊಸ ಬೋಲ್ಟುಗಳನ್ನು ಐದು ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ಪಾನಾ ಹಾಕಿ ನೋಡಲು ಮರೆಯಬೇಡಿ.